ಬಾಯಿಬಿಟ್ಟ ಮಗುವಿಗೇ ಶಿಕ್ಷೆ ಆಗದಿರಲಿ

ಇವರಿಗೆ,
ಮಾನ್ಯ ಗೃಹ ಸಚಿವರು ಹಾಗೂ
ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಆನ್‌ಲೈನ್ ಲೈಂಗಿಕ ಶೋಷಣೆಗೆ ಒಳಗಾದ ಮಕ್ಕಳು ದೂರು ಕೊಟ್ಟ ಮೇಲೆ ಅನುಭವಿಸುತ್ತಿರುವ ತೊಂದರೆಗಳ ಬಗ್ಗೆ

ಮಾನ್ಯರೇ,

ಮೊಬೈಲಿನಲ್ಲಿ ಯಾರೋ ಬೆದರಿಸುತ್ತಿದ್ದರೂ ಮಕ್ಕಳು ಯಾಕೆ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ ಎಂಬ ಪ್ರಶ್ನೆ ಮಕ್ಕಳ ರಕ್ಷಣೆಯ ಎಲ್ಲ ಸಭೆಗಳಲ್ಲೂ ಬರುತ್ತದೆ. ಜಾಗೃತಿ ಇಲ್ಲ, ನಾಚಿಕೆ, ಹೆದರಿಕೆ ಎಂದು ನಡಾವಳಿಯಲ್ಲಿ ಬರೆದುಕೊಂಡು ಸಭೆ ಮುಗಿಯುತ್ತದೆ. ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಪ್ರಕರಣಗಳಲ್ಲಿ ಬೆಂಬಲ ವ್ಯಕ್ತಿಯಾಗಿ ಮಕ್ಕಳ ಜೊತೆ ಠಾಣೆ, ಆಸ್ಪತ್ರೆ, ಕೋರ್ಟು ತಿರುಗುವ ನನಗೆ ಕಂಡಿರುವುದು ಬೇರೆ. ಹೇಳಿದರೆ ಏನಾಗುತ್ತದೆ ಎಂಬುದು ಮಕ್ಕಳಿಗೆ ಚೆನ್ನಾಗಿಯೇ ಗೊತ್ತು. ಫೋನ್ ಕಿತ್ತುಕೊಳ್ಳುತ್ತಾರೆ. ಶಾಲೆ ಬಿಡಿಸುತ್ತಾರೆ. ಹುಡುಗಿಯಾದರೆ ಸೋದರಮಾವನ ಊರಿಗೆ ಕಳಿಸಿ ಗಂಡು ನೋಡಲು ಶುರು ಮಾಡುತ್ತಾರೆ. ಹುಡುಗನಾದರೆ "ಗಂಡಸಾಗಿ ಇದೇನೋ" ಎಂಬ ಮಾತು ಮನೆಯಿಂದಲೇ ಬರುತ್ತದೆ. ಇದನ್ನೆಲ್ಲ ಲೆಕ್ಕ ಹಾಕಿ, ಇದಕ್ಕಿಂತ ಬೆದರಿಸುವವನ ಕಾಟವೇ ವಾಸಿ ಎಂದು ಮಗು ಸುಮ್ಮನಾಗುತ್ತದೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಮಾಡಿದ ಆ ಲೆಕ್ಕ ಬಹುಪಾಲು ಸರಿಯಾಗಿಯೇ ಇರುತ್ತದೆ ಎಂಬುದೇ ನನ್ನ ಸಂಕಟ. ಅದನ್ನು ಸುಳ್ಳು ಮಾಡುವುದು ನಿಮ್ಮಿಬ್ಬರ ಇಲಾಖೆಗಳ ಕೈಯಲ್ಲಿದೆ.

ಕಾಯ್ದೆಗೆ ನಮ್ಮಲ್ಲಿ ಬರವಿಲ್ಲ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯನ್ನು ಓದಿದರೆ, ಬರೆದವರು ಮಗುವಿನ ಪಕ್ಕ ಕೂತು ಬರೆದಿದ್ದಾರೆ ಅನ್ನಿಸುತ್ತದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದಕ್ಕೆ ಇಷ್ಟವಾದ ಜಾಗದಲ್ಲೋ ಬರೆದುಕೊಳ್ಳಬೇಕು. ಬರೆದುಕೊಳ್ಳುವ ಅಧಿಕಾರಿ ಸಮವಸ್ತ್ರದಲ್ಲಿ ಇರಕೂಡದು. ಮಗು ನಂಬುವ ದೊಡ್ಡವರೊಬ್ಬರು ಜೊತೆಗಿರಬೇಕು. ಕೋರ್ಟಿನಲ್ಲಿ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು, ಮಗುವನ್ನು ಮೇಲಿಂದ ಮೇಲೆ ಸಾಕ್ಷಿಗೆ ಕರೆಸಬಾರದು. 2019ರ ತಿದ್ದುಪಡಿ ಕಂಪ್ಯೂಟರಿನಲ್ಲಿ ಸೃಷ್ಟಿಸಿದ, ತಿದ್ದಿ ಮಾಡಿದ ಚಿತ್ರಗಳನ್ನೂ ವ್ಯಾಖ್ಯೆಯೊಳಗೆ ತಂದಿತು. ಹಾಗಾಗಿ ಶಾಲಾ ವಾರ್ಷಿಕೋತ್ಸವದ ಫೋಟೊದಿಂದ ಹುಡುಗಿಯ ಮುಖ ಕತ್ತರಿಸಿ ಎಐ ಆ್ಯಪ್‌ಗೆ ಹಾಕಿ ನಗ್ನ ಚಿತ್ರ ಮಾಡಿದವನು "ಅದು ನಿಜವಾದ ಫೋಟೊ ಅಲ್ಲ ಸಾರ್" ಎಂದು ಜಾರಿಕೊಳ್ಳುವಂತಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಇಂಥ ಚಿತ್ರಗಳನ್ನು ಹಂಚುವುದನ್ನಷ್ಟೇ ಅಲ್ಲ, ಹುಡುಕಿ ನೋಡುವುದನ್ನೂ ಅಪರಾಧವೆಂದು ಸಾರಿದೆ. ನಮ್ಮ ಹೈಕೋರ್ಟೇ 2024ರ ಜುಲೈನಲ್ಲಿ, ಬರೀ ನೋಡಿದ್ದಕ್ಕೆ ಈ ಕಲಂ ಅನ್ವಯಿಸದು ಎಂದು ಒಂದು ಪ್ರಕರಣ ರದ್ದು ಮಾಡಿತ್ತು. ಕಲಮಿನ ಇನ್ನೊಂದು ಭಾಗ ಗಮನಕ್ಕೆ ಬಂದ ಕೂಡಲೇ ಅದೇ ತಿಂಗಳು ತನ್ನ ಆದೇಶವನ್ನು ತಾನೇ ಹಿಂಪಡೆಯಿತು. ಆ ನಡೆಯ ಬಗ್ಗೆ ನನಗೆ ಗೌರವವಿದೆ. ಅದೇ ವರ್ಷ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಮದ್ರಾಸ್ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ, ಇಂಥ ಚಿತ್ರವನ್ನು ಅಳಿಸದೆ, ದೂರು ಕೊಡದೆ, ಹಂಚುವ ಉದ್ದೇಶದಿಂದ ಇಟ್ಟುಕೊಂಡರೂ ಅಪರಾಧವೇ ಎಂದು ಸ್ಪಷ್ಟಪಡಿಸಿತು.

ಸಂಸ್ಥೆಗಳಲ್ಲೂ ಕರ್ನಾಟಕ ಹಿಂದೆ ಬಿದ್ದಿಲ್ಲ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಈಗ ಜಿಲ್ಲೆ ಜಿಲ್ಲೆಯಲ್ಲೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆ ಇದೆ. 2025ರಲ್ಲಿ ಅವುಗಳನ್ನೆಲ್ಲ ಒಂದು ಸೈಬರ್ ಕಮಾಂಡ್ ಕೆಳಗೆ ತಂದಿರಿ. ಇಷ್ಟೆಲ್ಲ ಇದ್ದೂ ಮಗು ಠಾಣೆಯ ಮೆಟ್ಟಿಲು ಹತ್ತಿದ ದಿನ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಒಂಬತ್ತನೇ ತರಗತಿಯ ಹುಡುಗಿ. ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್, ಅಮ್ಮನದು. ತಾನೂ ಅದೇ ವಯಸ್ಸಿನ ಹುಡುಗಿ ಎಂದು ಹೇಳಿಕೊಂಡು ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದ ಖಾತೆಯೊಂದು ಕೆಲವು ವಾರ ಹೋಂವರ್ಕು, ಸಿನಿಮಾ, ಮನೆಯಲ್ಲಿ ಅಪ್ಪ ಕುಡಿದು ಬರುವುದು ಎಲ್ಲವನ್ನೂ ಕೇಳಿಸಿಕೊಂಡಿತು. ಆಮೇಲೆ ಒಂದು ಫೋಟೊ ಕೇಳಿತು. ಸಿಕ್ಕಿದ ಗಳಿಗೆಯಿಂದ ಮಾತಿನ ಧಾಟಿಯೇ ಬದಲಾಯಿತು: ಇನ್ನೊಂದು ಕಳಿಸದಿದ್ದರೆ ಇದನ್ನು ನಿನ್ನ ಕ್ಲಾಸಿನ ಗ್ರೂಪಿಗೆ ಹಾಕುತ್ತೇನೆ. ಹುಡುಗಿ ಊಟ ಬಿಟ್ಟಳು. ಕೊನೆಗೆ ಕನ್ನಡ ಮೇಡಂ ಹತ್ತಿರ ಹೇಳಿದಳು. ಮೇಡಂ ಬೈಯಲಿಲ್ಲ. ಸ್ಟಾಫ್‌ರೂಮಿನಲ್ಲಿ ಸುದ್ದಿ ಮಾಡಲಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು. ಇಲ್ಲಿಯವರೆಗೆ ಎಲ್ಲವೂ ಆಗಬೇಕಾದ ರೀತಿಯಲ್ಲೇ ಆಯಿತು.

ಆಮೇಲಿನದು ಠಾಣೆ. ಕೂತಿದ್ದವರೆಲ್ಲ ಖಾಕಿಯಲ್ಲಿದ್ದರು. ಮೊದಲು ಬಂದ ಪ್ರಶ್ನೆ "ಯಾಕಮ್ಮಾ ಕಳಿಸಿದೆ?" ಕೇಳಿದವರು ಕೆಟ್ಟವರಲ್ಲ, ಧ್ವನಿಯಲ್ಲಿ ಕರುಣೆಯೂ ಇತ್ತು, ಮನೆಯ ಮಗಳನ್ನು ಕೇಳುವ ಹಾಗೆ ಕೇಳಿದರು. ಒಬ್ಬರು ಚಾಟ್‌ನ ಸಾಲುಗಳನ್ನು ಗಟ್ಟಿಯಾಗಿ ಓದುತ್ತ ಹೋದರು, ಇನ್ನೊಬ್ಬರು ಟೈಪ್ ಮಾಡುತ್ತ ಹೋದರು. ಬೇರೆ ಕೆಲಸಕ್ಕೆ ಬಂದ ಇಬ್ಬರು ಬೆಂಚಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಹುಡುಗಿ ಯೂನಿಫಾರ್ಮಿನ ವೇಲಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು: "ಅಕ್ಕಾ, ನನ್ನ ಮೇಲೂ ಕೇಸ್ ಆಗತ್ತಾ?"

ಮಗು ತಾನು ಆರೋಪಿಯೇನೋ ಎಂದುಕೊಂಡು ಠಾಣೆಯಿಂದ ಹೊರಬರುವುದಾದರೆ ಹೇಳಿಕೆ ಹೇಗೆ ಬರೆದುಕೊಳ್ಳಬೇಕೆಂದು ಹೇಳುವ ಪೋಕ್ಸೊ ಕಾಯ್ದೆಯ 24ನೇ ಕಲಂ ಇದ್ದೂ ಇಲ್ಲದಂತೆ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಅನುದಾನ ಬೇಡ. ಸೆನ್ ಠಾಣೆಯ ಮಹಿಳಾ ಎಸ್‌ಐ ಒಬ್ಬರು ಸೀರೆಯಲ್ಲೋ ಚೂಡಿದಾರದಲ್ಲೋ ಮಗುವಿನ ಮನೆಗೆ ಇಲ್ಲವೇ ಮಗು ಹೇಳಿದ ಜಾಗಕ್ಕೆ ಹೋಗಬೇಕು, ಅಷ್ಟೇ. ಮೊದಲ ಮಾತು ಏನಿರಬೇಕೆಂಬುದನ್ನು ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದರೂ ನಾನು ಒಪ್ಪುತ್ತೇನೆ: "ನೀನು ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿಂದಲ್ಲ." ಚಾಟ್ ಓದಬೇಕೆಂದಿದ್ದರೆ ಅಧಿಕಾರಿ ಮನಸ್ಸಿನಲ್ಲೇ ಓದಿಕೊಳ್ಳಲಿ.

ಇನ್ನು ಫೋನಿನ ವಿಚಾರ. ಇದನ್ನು ಯಾವ ವರದಿಯಲ್ಲೂ ಯಾರೂ ಬರೆಯದ ಕಾರಣ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಫೋನ್ ಸಾಕ್ಷ್ಯ, ಜಪ್ತಿ ಆಗಬೇಕು, ಒಪ್ಪಿದೆ. ಮಹಜರು ಬರೆದು, ಕವರಿಗೆ ಹಾಕಿ ಮೊಹರು ಮಾಡಿ ವಿಧಿ ವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿಗೆ ಹೋದ ಫೋನ್ ಯಾವಾಗ ವಾಪಸು ಬರುತ್ತದೆಂದು ಯಾರೂ ಹೇಳಲಾರರು. ಆದರೆ ಹಳ್ಳಿಯ ಮನೆಯಲ್ಲಿ ಒಂದೇ ಫೋನ್ ಎಂದರೆ ಅದರೊಳಗೆ ಇಡೀ ಸಂಸಾರ ಇರುತ್ತದೆ. ಗೃಹಲಕ್ಷ್ಮಿ ದುಡ್ಡು ಬಂತೋ ಇಲ್ಲವೋ ಎಂಬ ಮೆಸೇಜು ಅದಕ್ಕೇ ಬರುವುದು. ಸ್ವಸಹಾಯ ಸಂಘದ ಕಂತು ಕಟ್ಟುವುದು, ಗ್ಯಾಸ್ ಬುಕ್ ಮಾಡುವುದು, ಬ್ಯಾಂಕಿನ ಒಟಿಪಿ, ಅಪ್ಪನ ಕೂಲಿ ಕೆಲಸದ ಮೇಸ್ತ್ರಿ ನಂಬರು, ತಮ್ಮನ ಶಾಲೆಯ ಗ್ರೂಪು ಎಲ್ಲವೂ ಅದರಲ್ಲೇ. ಫೋನ್ ಹೋದ ಮಾರನೇ ದಿನದಿಂದ ಮನೆಯಲ್ಲಿ ಒಂದೊಂದು ಕೆಲಸ ನಿಂತಾಗಲೂ ಎಲ್ಲರ ಕಣ್ಣು ಆ ಹುಡುಗಿಯ ಕಡೆ ಹೊರಳುತ್ತದೆ. "ನಿನ್ನಿಂದಲೇ" ಎಂದು ಬಾಯಿಬಿಟ್ಟು ಹೇಳಬೇಕೆಂದೇ ಇಲ್ಲ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ, ಜಪ್ತಿಯಾದ ವಸ್ತುವಿನ ಫೋಟೊ, ವಿಡಿಯೊ ಮಾಡಿಟ್ಟುಕೊಂಡು ಬೇಗ ವಿಲೇವಾರಿ ಮಾಡಲು ದಾರಿ ತೆರೆದಿದೆ. ಸೆನ್ ಠಾಣೆಯಲ್ಲೇ ಫೋನಿನ ಪೂರ್ತಿ ಫೊರೆನ್ಸಿಕ್ ನಕಲು ತೆಗೆದು, ನಕಲು ಬದಲಾಗಿಲ್ಲ ಎಂದು ತೋರಿಸುವ ಅದರ ಹ್ಯಾಷ್ ಮೌಲ್ಯವನ್ನು ಮಹಜರಿನಲ್ಲಿ ಬರೆದು, ಆಕ್ಷೇಪಾರ್ಹ ಚಿತ್ರಗಳನ್ನು ಫೋನಿನಿಂದ ಅಳಿಸಿ, ಕೋರ್ಟಿನ ಅನುಮತಿ ಪಡೆದು ಕೆಲವೇ ದಿನಗಳಲ್ಲಿ ಕುಟುಂಬಕ್ಕೆ ಹಿಂತಿರುಗಿಸಬಹುದು. ಅಷ್ಟೂ ಆಗದಿದ್ದರೆ ಬದಲಿ ಫೋನೊಂದನ್ನು ಕೊಡಿ. ಸಿಮ್ ಆದರೂ ಆ ದಿನವೇ ಕೈಗೆ ಸಿಗಲಿ. ದೂರು ಕೊಟ್ಟವರ ಫೋನ್ ವಾಪಸು ಬಂತು ಎಂಬ ಸುದ್ದಿ ಒಂದು ಊರಿನಲ್ಲಿ ಹಬ್ಬಿದರೆ, ನಿಮ್ಮ ಜಾಗೃತಿ ಜಾಥಾ ಮಾಡಲಾಗದ ಕೆಲಸವನ್ನು ಅದು ಮಾಡುತ್ತದೆ.

ಹುಡುಗರ ಬಗ್ಗೆಯೂ ಹೇಳಬೇಕು. ಪೋಕ್ಸೊ ಕಾಯ್ದೆ ಗಂಡು ಹೆಣ್ಣೆಂದು ಬೇರೆ ಮಾಡಿಲ್ಲ. ಆದರೆ ಪಿಯುಸಿ ಓದುವ ಹುಡುಗನಿಗೆ ರಾತ್ರಿ ವಿಡಿಯೊ ಕಾಲ್ ಬಂದು, ಅದನ್ನು ರೆಕಾರ್ಡ್ ಮಾಡಿಕೊಂಡವರು ಐದು ಸಾವಿರ ಹಾಕು, ಹತ್ತು ಸಾವಿರ ಹಾಕು ಎಂದು ಪೀಡಿಸಿದಾಗ, ಅವನು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದು ಹಣದ ವಂಚನೆಯಾಗಿ ದಾಖಲಾಗುತ್ತದೆ. ಹದಿನೆಂಟು ತುಂಬದ ಹುಡುಗನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂಬುದು ಎಷ್ಟೋ ಸಲ ಪೊಲೀಸರ ಗಮನಕ್ಕೇ ಬರುವುದಿಲ್ಲ. ಈ ಜಾಲದವರು ಹುಡುಗರಿಂದ ಹೆಚ್ಚಾಗಿ ಕೇಳುವುದು ದುಡ್ಡನ್ನು, ಕೊಡುವ ಗಡುವು ಗಂಟೆಗಳದ್ದು. ಆ ಗಂಟೆಗಳಲ್ಲೇ ಮಕ್ಕಳು ಜೀವಕ್ಕೆ ಅಪಾಯ ಮಾಡಿಕೊಳ್ಳುತ್ತಾರೆ. 1930ರ ಕರೆ ತೆಗೆದುಕೊಳ್ಳುವವರು ಮೊದಲು ವಯಸ್ಸು ಕೇಳಬೇಕು. ಹದಿನೆಂಟರ ಒಳಗಿದ್ದರೆ ಕರೆಯನ್ನು ಹಾಗೇ 1098ಕ್ಕೆ ಜೋಡಿಸಬೇಕು, ಮಗು ಇನ್ನೊಂದು ನಂಬರ್ ಒತ್ತುವ ಕೆಲಸ ಇರಬಾರದು.

ಈ ಸಾಲುಗಳನ್ನು ಓದುವ ಅಪ್ಪ ಅಮ್ಮಂದಿರಿಗೂ ಎರಡು ಮಾತು. ದುಡ್ಡು ಕಟ್ಟಬೇಡಿ, ಒಮ್ಮೆ ಕೊಟ್ಟವರನ್ನು ಅವರು ಬಿಡುವುದಿಲ್ಲ. ಖಾತೆಯ ಹೆಸರು, ಲಿಂಕ್, ಫೋನ್ ನಂಬರ್, ಯುಪಿಐ ಐಡಿ, ಬೆದರಿಕೆಯ ಮೆಸೇಜು ಬಂದ ಹೊತ್ತು ಬರೆದಿಟ್ಟುಕೊಳ್ಳಿ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ. ಮಗುವಿನ ಫೋಟೊವನ್ನು ಮಾತ್ರ ಯಾರಿಗೂ ಕಳಿಸಬೇಡಿ. ಸಾಕ್ಷಿ ತೋರಿಸುತ್ತೇನೆ ಎಂದುಕೊಂಡು ಪಂಚಾಯ್ತಿ ಮೆಂಬರಿಗೋ ಭಾವಮೈದುನನಿಗೋ ಪರಿಚಯದ ಪೊಲೀಸರಿಗೋ ವಾಟ್ಸ್‌ಆ್ಯಪ್ ಮಾಡಿದ ಅಪ್ಪಂದಿರನ್ನು ನಾನು ಕಂಡಿದ್ದೇನೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಅಲ್ಲಿಂದ ಆ ಚಿತ್ರ ಮತ್ತೆಲ್ಲಿಗೆ ಹೋಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ.

ಇಂಟರ್‌ನೆಟ್‌ನಿಂದ ಚಿತ್ರ ತೆಗೆಸಿಹಾಕುವ ವಿಚಾರಕ್ಕೆ ಬರುತ್ತೇನೆ. ಮಕ್ಕಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಅವನಿಗೆ ಶಿಕ್ಷೆ ಆಗುತ್ತದಾ ಎಂದಲ್ಲ, ಫೋಟೊ ಹೋಗುತ್ತದಾ ಎಂದು. 2021ರ ಐಟಿ ನಿಯಮಗಳು, ಇಂಥ ಚಿತ್ರದ ಬಗ್ಗೆ ಸಂತ್ರಸ್ತರೋ ಅವರ ಪರವಾಗಿ ಇನ್ನೊಬ್ಬರೋ ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಬೇಕೆಂದು ಕಂಪನಿಗಳಿಗೆ ಹೇಳಿದ್ದವು; 2026ರ ಫೆಬ್ರವರಿಯ ತಿದ್ದುಪಡಿ ಆ ಗಡುವನ್ನು ಎರಡು ಗಂಟೆಗೆ ಇಳಿಸಿದೆ. ಅಮೆರಿಕದ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ ನಡೆಸುವ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಇದೆ. ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರಿಂದ ತೆಗೆದ ಒಂದು ಸಂಖ್ಯೆ ಮಾತ್ರ ಹೋಗುತ್ತದೆ. ಅದಕ್ಕೆ ಸೇರಿಕೊಂಡ ಕಂಪನಿಗಳು ಆ ಸಂಖ್ಯೆಗೆ ಹೊಂದುವ ಚಿತ್ರ ತಮ್ಮಲ್ಲಿ ಸಿಕ್ಕರೆ ತೆಗೆದುಹಾಕುತ್ತವೆ. ಜೊತೆಗೆ, ಅಕ್ರಮ ವಿಷಯ ತೆಗೆಯಿರಿ ಎಂದು ಕಂಪನಿಗಳಿಗೆ ಸೂಚನೆ ಕಳಿಸುವ ಕೇಂದ್ರ ಸರ್ಕಾರದ ಸಹಯೋಗ್ ಪೋರ್ಟಲ್ ಇದೆ. ಅದರ ವಿರುದ್ಧ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿದ್ದು ಕರ್ನಾಟಕ ಹೈಕೋರ್ಟ್. ಆ ಪೋರ್ಟಲ್ ಬಗ್ಗೆ ಚರ್ಚೆ ನಡೆಯಲಿ, ನಡೆಯಬೇಕು. ಆದರೆ ಸರ್ಕಾರದ ಕೈಯಲ್ಲಿ ಅಷ್ಟು ಬಲ ಇರುವುದಾದರೆ ಅದರ ಮೊದಲ ಬಳಕೆ ಮಕ್ಕಳ ಚಿತ್ರ ತೆಗೆಸುವುದಕ್ಕೆ ಆಗಲಿ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಾರದು.

ಈ ದಾರಿಗಳು ಹಳ್ಳಿಯ ತಾಯಿಗೆ ಗೊತ್ತಿಲ್ಲ, ಎಷ್ಟೋ ಠಾಣೆಗಳಿಗೂ ಗೊತ್ತಿಲ್ಲ. ಎಫ್‌ಐಆರ್ ಆಗುತ್ತದೆ, ಫೋನ್ ಜಪ್ತಿಯಾಗುತ್ತದೆ, ಚಿತ್ರ ಅಲ್ಲೇ ಉಳಿಯುತ್ತದೆ. ಸೈಬರ್ ಕಮಾಂಡ್‌ನಲ್ಲಿ ಇದಕ್ಕೆಂದೇ ಕನ್ನಡದಲ್ಲಿ ಮಾತಾಡುವ ಒಂದು ಸಣ್ಣ ತಂಡ ಇರಲಿ. ಮಗುವಿನ ಪರವಾಗಿ ಅವರೇ ಅರ್ಜಿ ಹಾಕಲಿ, ತೆಗೆದದ್ದಾದ ಮೇಲೆ "ತೆಗೆಸಿದ್ದೇವೆ" ಎಂದು ಮಗುವಿಗೆ ತಿಳಿಸಲಿ, ತಿಂಗಳಿಗೊಮ್ಮೆ ಮತ್ತೆ ಹುಡುಕಿ ನೋಡಲಿ. ಪ್ರಕರಣ ಖುಲಾಸೆ ಆದರೂ, ಮಗು ಹದಿನೆಂಟು ದಾಟಿದರೂ ಈ ಕೆಲಸ ನಿಲ್ಲಬಾರದು. ಅವಳು ಮುಂದೆ ಕೆಲಸಕ್ಕೆ ಸೇರುವ ದಿನವೂ ಆ ಚಿತ್ರ ಎದ್ದು ಬರಬಹುದೆಂಬ ಭಯದಲ್ಲೇ ಇರುತ್ತಾಳೆ.

'ಟೇಕ್ ಇಟ್ ಡೌನ್' ನಡೆಸುವ ಅಮೆರಿಕದ ಇದೇ ಕೇಂದ್ರಕ್ಕೆ 2023ರಲ್ಲಿ ಮಕ್ಕಳ ಲೈಂಗಿಕ ಶೋಷಣೆಯ ಬಗ್ಗೆ ಬಂದ ವರದಿಗಳು ಜಗತ್ತಿನಾದ್ಯಂತ 3.6 ಕೋಟಿಗೂ ಹೆಚ್ಚು. ಭಾರತಕ್ಕೆ ಸಂಬಂಧಿಸಿದವು ಸುಮಾರು 89 ಲಕ್ಷ, ಬೇರೆಲ್ಲ ದೇಶಗಳಿಗಿಂತ ಹೆಚ್ಚು. ಒಂದೇ ವಿಡಿಯೊ ಸಾವಿರ ಕೈ ದಾಟಿದರೆ ಸಾವಿರ ವರದಿಯಾಗುತ್ತದೆ, ಹಾಗಾಗಿ ಇದು ಮಕ್ಕಳ ಸಂಖ್ಯೆ ಅಲ್ಲ. ಆ ಕೇಂದ್ರದ ಜೊತೆ 2019ರಲ್ಲಿ ಆದ ಒಪ್ಪಂದದಿಂದ ಈ ವರದಿಗಳು ದೆಹಲಿಗೆ ಬಂದು, ಅಲ್ಲಿಂದ ರಾಜ್ಯಗಳಿಗೆ, ಸೆನ್ ಠಾಣೆಗಳಿಗೆ ಇಳಿಯುತ್ತವೆ. ಯಾವ ಐಪಿ ವಿಳಾಸದಿಂದ ಅಪ್‌ಲೋಡ್ ಆಯಿತು, ಸಿಮ್ ಯಾರದು ಎಂದು ಪೊಲೀಸರು ಹುಡುಕುತ್ತಾರೆ. ಅಪ್‌ಲೋಡ್ ಮಾಡಿದವನು ಸಿಕ್ಕಿದರೆ ಕೇಸ್ ಮುಗಿಯಿತು. ಚಿತ್ರದಲ್ಲಿರುವ ಮಗು ಯಾರು? ಅದು ಈಗಲೂ ಅದೇ ಮನೆಯಲ್ಲಿ, ಅದೇ ಮನುಷ್ಯನ ಕೈಕೆಳಗೆ ಇದೆಯೇ? ಇದನ್ನು ಹುಡುಕುವವರು ಅಪರೂಪ.

ಮಗುವನ್ನು ಗುರುತಿಸುವುದು ಬೇರೆಯೇ ವಿದ್ಯೆ. ಇಂಟರ್‌ಪೋಲ್ ಇದಕ್ಕೆಂದೇ ಇಟ್ಟಿರುವ ದತ್ತಾಂಶ ಜಾಲಕ್ಕೆ ಭಾರತ 2022ರಲ್ಲಿ ಸೇರಿದೆ. ಗೋಡೆಯ ಮೇಲಿನ ಕ್ಯಾಲೆಂಡರು, ಕಿಟಕಿಯ ಸರಳು, ಸಮವಸ್ತ್ರದ ಬಣ್ಣ, ಹಿಂದೆ ಕೇಳಿಸುವ ಮಾತು ಇವುಗಳಿಂದ ಜಾಗ ಹುಡುಕುತ್ತಾರೆ. ವಿಡಿಯೊದ ಹಿನ್ನೆಲೆಯಲ್ಲಿ ಒಂದು ಸಾಲು ಕನ್ನಡ ಕೇಳಿಸಿದರೂ ಅದು ಕಲಬುರಗಿಯದೋ ಮಂಗಳೂರಿನದೋ ಮಂಡ್ಯದದೋ ಎಂದು ನಮ್ಮ ಕಾನ್‌ಸ್ಟೆಬಲ್ ಒಬ್ಬರು ಹೇಳಬಲ್ಲರು. ಆ ಕಿವಿ ದೆಹಲಿಯಲ್ಲಿ ಇಲ್ಲ, ಲಿಯೋನ್‌ನಲ್ಲಿರುವ ಇಂಟರ್‌ಪೋಲ್ ಕಚೇರಿಯಲ್ಲೂ ಇಲ್ಲ. ಸೈಬರ್ ಕಮಾಂಡ್‌ನಲ್ಲಿ ಸಂತ್ರಸ್ತ ಮಕ್ಕಳ ಗುರುತು ಪತ್ತೆಗೆ ನಾಲ್ಕೈದು ಜನರನ್ನು ಪ್ರತ್ಯೇಕವಾಗಿ ನೇಮಿಸಿ ಎಂದು ಗೃಹ ಸಚಿವರನ್ನು ಕೈಮುಗಿದು ಕೇಳುತ್ತೇನೆ. ಆ ಚಿತ್ರಗಳನ್ನು ದಿನವಿಡೀ ನೋಡುವ ಸಿಬ್ಬಂದಿಗೂ ನಿಮ್ಹಾನ್ಸ್‌ನಿಂದ ಆಪ್ತಸಮಾಲೋಚನೆ ಕೊಡಿಸಿ. ಅವರೂ ರಾತ್ರಿ ಮನೆಗೆ ಹೋಗಿ ತಮ್ಮ ಮಕ್ಕಳ ಮುಖ ನೋಡಬೇಕು.

ಹಂಚುವವರ ಬಗ್ಗೆ ಮಾತಾಡದೆ ಈ ಪತ್ರ ಮುಗಿಸಲಾರೆ. 2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಪೆನ್‌ಡ್ರೈವ್‌ಗಳು ಬೀದಿಗೆ ಬಿದ್ದಾಗ ನಾವು ಕನ್ನಡಿಗರು ಹೇಗೆ ನಡೆದುಕೊಂಡೆವು? ಆ ವಿಡಿಯೊಗಳಲ್ಲಿದ್ದ ಹೆಂಗಸರ ಮುಖ ಮುಚ್ಚಿರಲಿಲ್ಲ. ಅವು ವಾಟ್ಸ್‌ಆ್ಯಪ್‌ನಲ್ಲಿ ರಾಜ್ಯವೆಲ್ಲ ಸುತ್ತಿದವು. ಹಂಚಿದರೆ ಕೇಸ್ ಹಾಕುತ್ತೇವೆಂದು ಎಸ್‌ಐಟಿಯೇ ಎಚ್ಚರಿಕೆ ಕೊಡಬೇಕಾಯಿತು. ಅವರು ವಯಸ್ಕರು, ಆ ಪ್ರಕರಣದ ದಾರಿ ಬೇರೆ. ಆದರೆ ಅದನ್ನು ನೋಡುತ್ತಿದ್ದ ಮಕ್ಕಳು ಕಲಿತದ್ದೇನು ಎಂಬುದು ನನಗೆ ಆಮೇಲೆ ತಿಳಿಯಿತು. "ಆಂಟಿಗಳದ್ದೇ ಹಂಗ್ ಹಂಚಿದ್ರು, ನಂದ್ ಬಿಡ್ತಾರಾ?" ಎಂದು ಹುಡುಗಿಯೊಬ್ಬಳು ನನ್ನನ್ನು ಕೇಳಿದಳು. ಅವಳಿಗೆ ಕಾನೂನಿನ ಕಲಂ ಹೇಳಿ ಸಮಾಧಾನ ಮಾಡಲು ನನ್ನಿಂದ ಆಗಲಿಲ್ಲ. ಪೋಕ್ಸೊದ 23ನೇ ಕಲಂ ಮಗುವಿನ ಹೆಸರು, ವಿಳಾಸ, ಶಾಲೆ, ಕುಟುಂಬ, ನೆರೆಹೊರೆ ಯಾವುದನ್ನೂ ಮಾಧ್ಯಮ ಬಹಿರಂಗ ಮಾಡಬಾರದು ಎನ್ನುತ್ತದೆ. ತಪ್ಪಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ತಾಲ್ಲೂಕಿಗೆ ಹತ್ತಾರಿರುವ ಯೂಟ್ಯೂಬ್ ನ್ಯೂಸ್ ಚಾನೆಲ್‌ಗಳು ಮುಖ ಮಸುಕು ಮಾಡಿ ಶಾಲೆಯ ಗೇಟು ತೋರಿಸುತ್ತವೆ, ಅಜ್ಜಿಯ ಬೈಟ್ ಹಾಕುತ್ತವೆ. ಆಮೇಲೆ ಮುಖ ಮುಚ್ಚಿ ಏನು ಬಂತು? ಈ ಕಲಮಿನ ಕೆಳಗೆ ಪ್ರತಿ ಜಿಲ್ಲೆಯಲ್ಲಿ ಒಂದೊಂದು ಪ್ರಕರಣವನ್ನು ಕೊನೆ ಮುಟ್ಟಿಸಿದರೂ ಸಾಕು, ಉಳಿದವರು ತಾವಾಗಿಯೇ ಸರಿಹೋಗುತ್ತಾರೆ.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರೇ, ಇನ್ನು ಮುಂದಿನದು ಹೆಚ್ಚಾಗಿ ನಿಮಗೆ. ಪೋಕ್ಸೊ ಮಕ್ಕಳಿಗೆ ಬೆಂಬಲ ವ್ಯಕ್ತಿಯನ್ನು ಕೊಡುವುದು ಇಷ್ಟ ಬಂದರೆ ಮಾಡುವ ಕೆಲಸವಲ್ಲ, ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ಆದರೂ ಮಗುವಿನ ಮುಖ್ಯ ಹೇಳಿಕೆಗಳೆಲ್ಲ ಮುಗಿದ ಮೇಲೆ ಮಕ್ಕಳ ಕಲ್ಯಾಣ ಸಮಿತಿಯಿಂದ ನಮಗೆ ಕರೆ ಬರುವುದುಂಟು. ಗೌರವಧನದ ಕಡತ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಎಷ್ಟು ಕಾಲ ಮಲಗಿರುತ್ತದೆ ಎಂಬುದು ನಿಮ್ಮ ಅಧಿಕಾರಿಗಳಿಗೇ ಗೊತ್ತು. ಬಾಯಿ ಬಿಟ್ಟು ಕೇಳಲು ನನಗೆ ಸಂಕೋಚವಿಲ್ಲ: ಈ ಕೆಲಸ ಮಾಡುವವರು ಅರ್ಧಕ್ಕೆ ಬಿಟ್ಟುಹೋಗುವುದು ದುಡ್ಡಿನ ಕಾರಣಕ್ಕೆ, ಹಾಗೆ ಬಿಟ್ಟುಹೋದಾಗ ಮಗು ಇನ್ನೊಬ್ಬರ ಮುಂದೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕು.

2020ರ ಪೋಕ್ಸೊ ನಿಯಮಗಳಲ್ಲಿ ಬಹಳ ಒಳ್ಳೆಯದೊಂದು ಅಂಶವಿದೆ. ಊಟ, ಬಟ್ಟೆ, ಓಡಾಟದಂಥ ತಕ್ಷಣದ ಖರ್ಚಿಗೆ ಹಣ ಕೊಡಿ ಎಂದು ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು, ಶಿಫಾರಸು ತಲುಪಿದ ಒಂದು ವಾರದೊಳಗೆ ಕೊಡಬೇಕು. ಇದಲ್ಲದೆ ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರ ಕೊಡಿಸಬಹುದು. ಆನ್‌ಲೈನ್ ಪ್ರಕರಣ ಎಂದ ಕೂಡಲೇ "ದೈಹಿಕ ಗಾಯ ಇಲ್ಲವಲ್ಲ" ಎಂದು ಇವೆರಡೂ ಪಕ್ಕಕ್ಕೆ ಸರಿಯುತ್ತವೆ. ಶಕ್ತಿ ಯೋಜನೆಯಿಂದ ತಾಯಿಯ ಬಸ್ ಚಾರ್ಜು ಉಳಿಯುತ್ತದೆ, ನಿಜ. ಆ ದಿನದ ಕೂಲಿ ಉಳಿಯುವುದಿಲ್ಲ. ಕೋರ್ಟಿನ ಒಂದೊಂದು ತಾರೀಖಿಗೂ ಒಂದು ದಿನದ ಕೂಲಿ ಕಳೆದುಕೊಂಡ ತಾಯಿ ನಾಲ್ಕನೇ ತಾರೀಖಿಗೆ ರಾಜಿಗೆ ಒಪ್ಪಿದರೆ ಅವಳನ್ನು ಬೈಯಲು ನನಗೆ ನಾಲಿಗೆ ಬರುವುದಿಲ್ಲ.

ಮನಸ್ಸಿನ ಗಾಯದ ಚಿಕಿತ್ಸೆಯನ್ನು ರಾಜಧಾನಿಯಿಂದ ಜಿಲ್ಲೆಗೆ ಒಯ್ಯಬಹುದೆಂದು ಇಡೀ ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ. ನಿಮ್ಹಾನ್ಸ್ ಎಂಬತ್ತರ ದಶಕದಲ್ಲಿ ಅಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ. ಈಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಅದು ದೊಡ್ಡ ಉಪಕಾರ. ಆದರೆ ತನ್ನ ಚಿತ್ರ ಎಲ್ಲಿದೆಯೋ ಎಂಬ ಭಯದಲ್ಲಿ ಬದುಕುವ ಮಗುವಿಗೆ ವಾರ ವಾರ ಒಂದೇ ಮುಖ ಬೇಕು. ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಮನಸ್ಸು ಬಲ್ಲ ಆಪ್ತಸಮಾಲೋಚಕಿ ಒಬ್ಬರಾದರೂ ಇರಲಿ, ಅವರ ಕೋಣೆ ಹೊರರೋಗಿಗಳ ಸಾಲಿನ ಮಧ್ಯೆ ಬೋರ್ಡು ತಗುಲಿಸಿಕೊಂಡು ಇರದಿರಲಿ.

ಶಾಲೆಯ ಬಗ್ಗೆ ಎರಡೇ ಮಾತು. ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬಂದಾಗ 2007ರಲ್ಲಿ ಗದ್ದಲಕ್ಕೆ ಹೆದರಿ ಹಿಂದೆ ಸರಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಗ ಹೆದರಿದವರ ಮಕ್ಕಳು ಈಗ ಆ ಪಾಠವನ್ನು ಮೊಬೈಲಿನಲ್ಲಿ, ಅತಿ ಕೆಟ್ಟ ಮೇಷ್ಟರ ಕೈಲಿ ಕಲಿಯುತ್ತಿದ್ದಾರೆ. 2024ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೂ ಲೈಂಗಿಕ ಶಿಕ್ಷಣದ ಅಗತ್ಯವನ್ನು ಒತ್ತಿ ಹೇಳಿದೆ. ಫೋನ್ ಮುಟ್ಟಬೇಡ ಎನ್ನುವ ಉಪನ್ಯಾಸವನ್ನು ಇನ್ನು ಸಾಕು ಮಾಡಿ. ಏನಾದರೂ ಆದರೆ ಯಾರಿಗೆ ಹೇಳಬೇಕು, ಹೇಳಿದ ಮೇಲೆ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಮಕ್ಕಳಿಗೆ ನಿಜವಾಗಿ ಹೇಳಿ.

ಇಲ್ಲಿ ಶಿಕ್ಷಕರ ಕಷ್ಟವೂ ಇದೆ. ಪೋಕ್ಸೊದ 19ನೇ ಕಲಮಿನ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ. ಮಗು "ಯಾರಿಗೂ ಹೇಳಬೇಡಿ ಮಿಸ್" ಎಂದು ಕೈ ಹಿಡಿದುಕೊಂಡಿರುತ್ತದೆ. ಎಷ್ಟೋ ಮೇಷ್ಟರು ಇದಕ್ಕೇ ಅಂಜಿ ಮಗು ಮಾತು ಶುರು ಮಾಡುವ ಮುಂಚೆಯೇ ಎದ್ದುಹೋಗುತ್ತಾರೆ. ಈ ಕಲಂ ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಅದು ಇಲ್ಲದಿದ್ದರೆ ಊರ ಗೌಡರ ಜಗಲಿಯ ಮೇಲೆ ಎಲ್ಲ ರಾಜಿಯಾಗಿಬಿಡುತ್ತದೆ. ನಾನು ಕೇಳುವುದು, ತಿಳಿಸಿದ ಮೇಲೆ ಮಗುವಿಗೆ ಒಳ್ಳೆಯದಾಗುತ್ತದೆಂದು ಆ ಮೇಷ್ಟರು ಧೈರ್ಯವಾಗಿ ಹೇಳುವಂಥ ವ್ಯವಸ್ಥೆ.

ಅದಕ್ಕೆ ನಿಮ್ಮಿಬ್ಬರ ಸಹಿ ಇರುವ ಒಂದೇ ಒಂದು ಜಂಟಿ ಸುತ್ತೋಲೆ ಸಾಕು. ಹೇಳಿಕೆಗೆ ಖಾಕಿ ಹಾಕಿಕೊಂಡು ಹೋಗುವುದಿಲ್ಲ, ಫೋನ್ ಇಷ್ಟು ದಿನದೊಳಗೆ ವಾಪಸು, ಚಿತ್ರ ತೆಗೆಸುವ ಹೊಣೆ ಸೈಬರ್ ಕಮಾಂಡ್‌ದು, ಮೊದಲ ದಿನವೇ ಬೆಂಬಲ ವ್ಯಕ್ತಿ, ಶಾಲೆ ಬಿಡಿಸಿದರೆ ಅದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ವಿಚಾರಿಸುತ್ತದೆ ಎಂದು ಅದರಲ್ಲಿ ಬರೆದಿರಲಿ. ಜೂನ್ ತಿಂಗಳಲ್ಲಿ ತರಗತಿಗಳು ಶುರುವಾಗುವ ಮುಂಚೆ ಹೊರಡಿಸಿ. ನವೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಅದನ್ನು ಮಕ್ಕಳ ಎದುರಿಗೇ ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿ. ಅದರ ಒಂದು ಪ್ರತಿಯನ್ನು ನಮ್ಮಂಥವರ ಕೈಗೂ ಕೊಡಿಸಿ. ಠಾಣೆಯ ಮೇಜಿನ ಮೇಲೆ ಇಟ್ಟು ಮಾತಾಡಲು ಬೇಕಾಗುತ್ತದೆ.

ಇತಿ,
ತಮ್ಮ ವಿಶ್ವಾಸಿ,
ಜಿಲ್ಲೆಯೊಂದರ ಪೋಕ್ಸೊ ಬೆಂಬಲ ವ್ಯಕ್ತಿ
(ನನ್ನ ಹೆಸರು, ಊರು ಬರೆದರೆ ಮಕ್ಕಳ ಗುರುತು ಸಿಕ್ಕೀತೆಂಬ ಕಾರಣಕ್ಕೆ ಬರೆದಿಲ್ಲ)